ವೃಷಭಾವತಿಯ ಹಾದಿಯಲ್ಲಿ ಒಂದು ಮನೆ

ನಮ್ಮಣ್ಣನ ಮಗಳಿಗೆ ಮದುವೆಯಾಗಿ ಎರಡು ವರ್ಷವಾಯಿತು. ಹುಡುಗಿಗೆ ಬೆಂಗಳೂರಿನ ಗಾಂಧಿನಗರದ ಒಂದು ಬ್ಯಾಂಕಿನಲ್ಲಿ ಕೆಲಸ. ಅಳಿಯನಿಗೆ ಬಿಡದಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ. ಒಬ್ಬರ ಅನ್ನ ಊರಿನ ನಟ್ಟನಡುವೆ, ಇನ್ನೊಬ್ಬರದು ಅಲ್ಲಿಂದ ಇಪ್ಪತ್ತು ಮೈಲಿ ದೂರದಲ್ಲಿ. ಇದುವರೆಗೆ ಹನುಮಂತನಗರದಲ್ಲಿ ಒಂದು ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದರು. ಮನೆಯ ಯಜಮಾನರಿಗೆ ಮಗನ ಮದುವೆ ಗೊತ್ತಾಯಿತು. ಮಗನಿಗೆ ಮನೆ ಬೇಕಾಯಿತು. ಮೂರು ತಿಂಗಳ ವಾಯಿದೆ ಕೊಟ್ಟು, ವಿನಯದಿಂದಲೇ, ಬಿಡಬೇಕೆಂದು ಹೇಳಿದರು.

ಅಂದು ಸಂಜೆ ಹುಡುಗಿ ನಮ್ಮ ಮನೆಗೆ ಬಂದಳು. "ಚಿಕ್ಕಪ್ಪ, ಮತ್ತೊಂದು ಬಾಡಿಗೆ ಮನೆ, ಮತ್ತೆ ಹತ್ತು ತಿಂಗಳ ಮುಂಗಡ, ಮತ್ತೆ ಎರಡು ವರ್ಷಕ್ಕೆ ಗಂಟುಮೂಟೆ. ಸಣ್ಣದಾದರೂ ನಮ್ಮದೇ ಒಂದನ್ನು ನೋಡಿಕೊಡುತ್ತೀರಾ?" ಎಂದಳು. ನಾನು ಕೆಲಸದಿಂದ ನಿವೃತ್ತನಾದವನು. ಊರನ್ನು ಕಾಲಿನಿಂದ ಬಲ್ಲೆನೆಂಬ ಅಭಿಮಾನವೂ ಉಂಟು. ಒಪ್ಪಿಕೊಂಡೆ. ಹೀಗೆ ನಾಲ್ಕು ಭಾನುವಾರಗಳು ಮತ್ತು ಒಂದು ಸೋಮವಾರ ಮೈಸೂರು ರಸ್ತೆಯ ಉದ್ದಕ್ಕೂ ಅಲೆದೆವು. ಗಂಡ ಹೆಂಡಿರ ಕೆಲಸದ ಎರಡು ತುದಿಗಳನ್ನು ಕೂಡಿಸುವ ದಾರಿ ಅದೊಂದೇ ಆದ್ದರಿಂದ, ಹುಡುಕಾಟವೂ ಆ ದಾರಿಯಲ್ಲೇ ನಡೆಯಬೇಕಾಯಿತು.

ಮೊದಲನೆಯ ಭಾನುವಾರ ದೂರವೇನೂ ಹೋಗಲಿಲ್ಲ. ಹುಡುಗಿಯ ಮನಸ್ಸು ಬಸವನಗುಡಿಯನ್ನು ಬಿಟ್ಟು ಕದಲುತ್ತಿರಲಿಲ್ಲ. ಯಾರ ಮನಸ್ಸು ತಾನೆ ಕದಲೀತು? ಬೆಳಿಗ್ಗೆ ಏಳಕ್ಕೆ ಗಾಂಧಿ ಬಜಾರಿನ ಹೂವಿನ ರಾಶಿ, ಕಹಳೆಬಂಡೆಯ ಮರಗಳ ನೆರಳು, ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ! ಒಂದು ಹಳೆಯ ಮನೆಯ ಮುಂದೆ ಅವಳು ಬಹಳ ಹೊತ್ತು ನಿಂತಳು. ಮನೆ ಮಾರಾಟಕ್ಕೇನೂ ಇರಲಿಲ್ಲ, ಸುಮ್ಮನೆ ನಿಂತಳು. ಆಮೇಲೆ ಪಕ್ಕದ ಬೀದಿಯಲ್ಲಿ ಮಾರಾಟಕ್ಕಿದ್ದ ಒಂದು ವಠಾರದಂಥ ಮಹಡಿಮನೆಯ ಬೆಲೆ ಕೇಳಿದೆವು. ಅಳಿಯ ಆ ಅಂಕಿಯನ್ನು ಕೇಳಿ ನಕ್ಕುಬಿಟ್ಟನು. ಅಳುವುದಕ್ಕೆ ಬಾರದ ಸ್ಥಳದಲ್ಲಿ ಗಂಡಸರು ನಗುತ್ತಾರೆ.

ಅಲ್ಲಿ ಒಂದು ಕಲ್ಲುಬೆಂಚಿನ ಮೇಲೆ ಕುಳಿತು ನಾನು ಅವರಿಗೆ ಬಸವನಗುಡಿಯ ಕಥೆಯನ್ನು ಹೇಳಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಚಿಕ್ಕಪೇಟೆ, ಬಳೇಪೇಟೆಗಳ ಇಕ್ಕಟ್ಟಿನಲ್ಲಿ ಜನ ಸತ್ತರು. ಸರ್ಕಾರದವರು ಆಗ ಊರಾಚೆಯ ಬಯಲಿನಲ್ಲಿ, ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ ಎಂದು ಎರಡು ಬಡಾವಣೆಗಳನ್ನು ಅಳೆದು ಹಾಕಿದರು. ಅಗಲವಾದ ರಸ್ತೆ, ಗಾಳಿಯಾಡುವ ಸಂದು, ಚರಂಡಿ ಇವನ್ನು ಮೊದಲು ಗೆರೆ ಎಳೆದು, ಆಮೇಲೆ ಮನೆ ಕಟ್ಟುವವರನ್ನು ಕರೆದರು. ಈಗ ಕೋಟಿಗಳಲ್ಲಿ ಎಣಿಸುವ ಈ ನೆಲ ಪೇಟೆಯವರಿಗೆ ಅಂದು ಊರ ಹೊರಗಿನ ಕಾಡು. ಆದುದರಿಂದ ಊರಂಚು ಎಂದ ಮಾತ್ರಕ್ಕೆ ಮೂಗು ಮುರಿಯಬಾರದು. ಆದರೆ ಒಂದು ಮಾತನ್ನು ಕೇಳಲೇಬೇಕು: ಆ ಅಂಚಿಗೆ ಮೊದಲು ಬಂದದ್ದು ನೀರು ರಸ್ತೆಗಳೋ, ಅಥವಾ ಮನೆಗಳೋ? ಇದೊಂದು ಪ್ರಶ್ನೆಯನ್ನು ಹಿಡಿದುಕೊಂಡು ಹೊರಟವನಿಗೆ ಅಗ್ಗದ ಬಡಾವಣೆಗಳಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ.

ದೊಡ್ಡ ಬಸವನ ಪಾದದ ಬಳಿ ಒಂದು ಹೊಳೆ ಹುಟ್ಟುತ್ತದೆಂದು ಹಳಬರು ಹೇಳುತ್ತಾರೆ. ವೃಷಭನ ಪಾದದಲ್ಲಿ ಹುಟ್ಟಿದ್ದರಿಂದ ವೃಷಭಾವತಿ. ಮಲ್ಲೇಶ್ವರದ ಕಡೆಯಿಂದಲೂ ಅದಕ್ಕೊಂದು ಕವಲು ಬಂದು ಸೇರುತ್ತದೆ. ಹೊಳೆ ಮೈಸೂರು ರಸ್ತೆಯ ಮಗ್ಗುಲಿಗೇ ಹರಿದು, ಗಾಳಿ ಆಂಜನೇಯನ ಗುಡಿ, ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ, ಬಿಡದಿಯ ಬಳಿ ಬೈರಮಂಗಲದ ಕೆರೆಗೆ ಬಿದ್ದು, ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಈಗ ಅದರಲ್ಲಿ ಹರಿಯುವುದು ಪಾದತೀರ್ಥವಲ್ಲ. ಅರ್ಧ ಊರಿನ ಬಚ್ಚಲು ನೀರು. "ಹಾಗಾದರೆ ಮಾವ, ಬಸವನಗುಡಿಯಲ್ಲಿ ಮನೆ ಕೊಳ್ಳಲಾರದವರಿಗೆ ಬಸವನಗುಡಿಯ ಹೊಳೆಯಾದರೂ ದಕ್ಕುತ್ತದೆ" ಎಂದನು ಅಳಿಯ. ಹುಡುಗ ವಿನೋದಕ್ಕೆ ಆಡಿದ ಮಾತು. ಅದು ನಿಜವಾದೀತೆಂದು ಆಗ ನಮಗೆ ಯಾರಿಗೂ ತೋರಿರಲಿಲ್ಲ.

ಎರಡನೆಯ ಭಾನುವಾರ ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ರೈಲನ್ನು ಹತ್ತಿ ಪಶ್ಚಿಮಕ್ಕೆ ಹೊರಟೆವು. ಈ ರೈಲು 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೂ, 2023ರ ಅಕ್ಟೋಬರಿನಲ್ಲಿ ಅದರಾಚೆಯ ಚಲ್ಲಘಟ್ಟದವರೆಗೂ ಬಂದಿತು. ಕಂಬಗಳ ಮೇಲೆ ಹೋಗುವ ರೈಲಿನಿಂದ ಊರು ಬೇರೆಯೇ ತೋರುತ್ತದೆ. ಕೆಳಗೆ ರಸ್ತೆಯ ಗದ್ದಲ. ಮೇಲೆ ಎಲ್ಲರ ಮನೆಯ ತಾರಸಿ, ತಾರಸಿಯ ಮೇಲೆ ಕರಿಯ ನೀರಿನ ತೊಟ್ಟಿ, ಒಣಗುವ ಹಪ್ಪಳ. ವಿಶ್ವವಿದ್ಯಾನಿಲಯದ ಜ್ಞಾನಭಾರತಿಯ ಮರಗಳು ಬಂದಾಗ ಕಣ್ಣಿಗೆ ತಂಪು. ರಾಜರಾಜೇಶ್ವರಿ ನಗರದಲ್ಲಿ ಇಳಿದು ಮೂರು ಮನೆ ನೋಡಿದೆವು. ಏರು ತಗ್ಗಿನ ಚೆಲುವಾದ ಸ್ಥಳ; ಗುಡಿ ಇದೆ, ಶಾಲೆಗಳಿವೆ. ಬೆಲೆ ಬಸವನಗುಡಿಯದಲ್ಲ, ಆದರೆ ನಮ್ಮದೂ ಅಲ್ಲ. ನಮಗೆ ಒಪ್ಪಿದ ಮನೆ ನಮ್ಮ ಕೈಗಿಂತ ಹದಿನೈದು ಲಕ್ಷ ಮೇಲೆ. ಕೈಗೆ ಎಟಕಿದ ಮನೆಗೆ ಗಾಳಿ ಬೆಳಕಿಲ್ಲ. ಅಡಿಗೆಮನೆಯಲ್ಲಿ ಹಗಲೇ ದೀಪ ಹಾಕಬೇಕು. ಹಿಂತಿರುಗಿದೆವು.

ಇಲ್ಲಿ ನಮ್ಮ ಕೈ ಎಷ್ಟು ಉದ್ದ ಎಂಬುದನ್ನು ಹೇಳಿಬಿಡುವುದು ಒಳ್ಳೆಯದು. ದಂಪತಿಗಳು ಉಳಿಸಿದ್ದು ಹದಿನಾಲ್ಕು ಲಕ್ಷ. ಬ್ಯಾಂಕಿನ ಸಾಲ ನಲವತ್ತು ಲಕ್ಷಕ್ಕಿಂತ ಮೇಲೆ ಬೇಡವೆಂದು ಅವರೇ ಗೆರೆ ಹಾಕಿಕೊಂಡಿದ್ದರು. ಶೇಕಡಾ 8½ರ ಬಡ್ಡಿಯಾದರೆ ನಲವತ್ತು ಲಕ್ಷಕ್ಕೆ 20 ವರ್ಷ, ತಿಂಗಳು ತಿಂಗಳೂ ಸುಮಾರು 34,700 ರೂಪಾಯಿ ಕಟ್ಟಬೇಕು. ಒಟ್ಟಿಗೆ ಕೂಡಿಸಿದರೆ 83 ಲಕ್ಷವನ್ನು ದಾಟುತ್ತದೆ. ಮಗುವಾದಾಗ ಒಬ್ಬರ ಸಂಬಳ ಕೆಲವು ಕಾಲ ನಿಂತೀತು, ಆಗಲೂ ಕಂತು ನಿಲ್ಲುವುದಿಲ್ಲ. ಇದನ್ನು ಹುಡುಗಿಯೇ ಲೆಕ್ಕ ಹಾಕಿ ಹೇಳಿದಳು, ಬ್ಯಾಂಕಿನವಳಲ್ಲವೆ? ಕೊಳ್ಳುವವರು ಮರೆಯುವ ಇನ್ನೊಂದು ಖರ್ಚು ಸರ್ಕಾರದ್ದು: ಉಪಕರ ಸೇರಿ ಶೇಕಡಾ 5.6ರಷ್ಟು ಮುದ್ರಾಂಕ ಶುಲ್ಕ; ಅದರ ಮೇಲೆ ನೋಂದಣಿಗೆ ಮೊದಲು ಶೇಕಡಾ 1 ಇದ್ದದ್ದು 2025ರ ಆಗಸ್ಟಿನ ಕೊನೆಗೆ 2 ಆಯಿತು. 55 ಲಕ್ಷದ ಮನೆಗೆ ಇದೇ ನಾಲ್ಕು ಲಕ್ಷದ ಮೇಲಾಗುತ್ತದೆ.

ಈ ಲೆಕ್ಕ ಬೀಗರ ಕಿವಿಗೂ ಬಿತ್ತು. ಅಳಿಯನ ತಂದೆ ತುರುವೇಕೆರೆಯ ಕಡೆಯವರು. ಒಂದೂವರೆ ಎಕರೆ ತೆಂಗಿನ ತೋಟ ಅವರ ಪ್ರಾಣ. ಮಗನ ಸಲುವಾಗಿ ಅರ್ಧ ಎಕರೆ ಮಾರಿಬಿಡುತ್ತೇನೆಂದು ಅವರು ಮೂರನೆಯ ಭಾನುವಾರ ಬೆಳಗಿನ ಬಸ್ಸಿಗೆ ಬಂದಿಳಿದರು. ಅವರ ವಾದ ಸರಳ. "ನೋಡಿ ಸ್ವಾಮಿ, ಅಂತರದಲ್ಲಿ ತೇಲುವ ಮನೆಗೆ ಹಣ ಸುರಿಯುವುದು ನನಗೆ ಅರ್ಥವಾಗುವುದಿಲ್ಲ. ಮಣ್ಣು ಕೊಳ್ಳಬೇಕು. ಮಣ್ಣು ಕೊಂಡವನು ಕೆಟ್ಟದ್ದಿಲ್ಲ." ಯಾರೋ ಪರಿಚಯದವರು ಅವರಿಗೆ ಒಂದು ನಿವೇಶನದ ಸುದ್ದಿಯನ್ನೂ ಕೊಟ್ಟಿದ್ದರು: ಕೆಂಗೇರಿಯ ಆಚೆ, ಹೆದ್ದಾರಿಯಿಂದ ಎರಡು ಮೈಲಿ ಒಳಗೆ, 30 ಅಡಿಗೆ 40 ಅಡಿ, ಬೆಲೆ ಮೂವತ್ತು ಲಕ್ಷ. ಬಿಡದಿಗೂ ಹತ್ತಿರ.

ಹೋಗಿ ನೋಡಿದೆವು. ಸುಳ್ಳು ಹೇಳಬಾರದು, ಸ್ಥಳ ಮನೋಹರವಾಗಿತ್ತು. ಕೆಮ್ಮಣ್ಣಿನ ಇಳಿಜಾರು, ಅಂಚಿನಲ್ಲಿ ಹೊಂಗೆಯ ಸಾಲು, ದೂರದಲ್ಲಿ ಗುಡ್ಡ. ಸುಣ್ಣ ಬಳಿದ ಗೂಟದ ಕಲ್ಲುಗಳು ನೆಟ್ಟಗೆ ನಿಂತಿದ್ದುವು. ಬೀಗರು ಬಗ್ಗಿ ಒಂದು ಹಿಡಿ ಮಣ್ಣನ್ನು ಎತ್ತಿ ಬೆರಳಲ್ಲಿ ತಿಕ್ಕಿ, "ತೆಂಗು ಬರುತ್ತದೆ" ಎಂದರು. ದಲ್ಲಾಳಿ ಅವರ ಮುಖವನ್ನು ನೋಡಿ, ಇನ್ನು ಮಾತು ಬೇಡವೆಂದು ಸುಮ್ಮನಾದನು. ಜಾಣ.

ನಾನು ಕಾಗದಗಳನ್ನು ಕೇಳಿದೆ. ಕೊಟ್ಟದ್ದು ಪಂಚಾಯಿತಿಯ ನಮೂನೆ; ಅದರ ಮೇಲೆ "11-ಬಿ" ಎಂದಿತ್ತು. ವಾಚಕರಲ್ಲಿ ಅನೇಕರಿಗೆ ಈ ಅಕ್ಷರದ ಮಹಿಮೆ ತಿಳಿದಿರಲಾರದು. ಹೊಲವನ್ನು ಮನೆಯ ನೆಲವಾಗಿ ಕ್ರಮದಂತೆ ಪರಿವರ್ತಿಸಿ, ಬಡಾವಣೆಯ ನಕ್ಷೆಗೆ ಒಪ್ಪಿಗೆ ಪಡೆದ ಆಸ್ತಿಗೆ ನಮೂನೆ 9 ಮತ್ತು 11-ಎ ದೊರೆಯುತ್ತವೆ. ಹಾಗೆ ಆಗದ ಆಸ್ತಿಯನ್ನು ತೆರಿಗೆಯ ಲೆಕ್ಕಕ್ಕಾಗಿ ಬರೆದಿಡುವುದು 11-ಬಿಯಲ್ಲಿ. ಎಂದರೆ, ಪಂಚಾಯಿತಿಯು ಹಣ ತೆಗೆದುಕೊಳ್ಳುತ್ತದೆ. ಬಡಾವಣೆಯನ್ನು ಒಪ್ಪಿದೆನೆಂದು ಮಾತ್ರ ಹೇಳುವುದಿಲ್ಲ. ನಗರದೊಳಗೆ ಎ ಖಾತೆ, ಬಿ ಖಾತೆ ಎಂದು ಹೇಳುವುದರ ಅಣ್ಣನೋ ತಮ್ಮನೋ ಇದು. ಇಂಥ ನೆಲಕ್ಕೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ. ಮನೆಯ ನಕ್ಷೆಗೆ ಒಪ್ಪಿಗೆ ದೊರೆಯುವುದು ಕಷ್ಟ. "ಮುಂದೆ ಸರ್ಕಾರ ಎಲ್ಲವನ್ನೂ ಸಕ್ರಮ ಮಾಡುತ್ತದೆ, ಸಾರ್" ಎಂದನು ದಲ್ಲಾಳಿ. ಮಾಡಿದರೂ ಮಾಡೀತು. ಆ "ಮುಂದೆ" ಎಂಬ ಶಬ್ದದಲ್ಲಿ ಎಷ್ಟು ವರ್ಷಗಳಿವೆ ಎಂಬುದನ್ನು ಅವನು ಹೇಳಲಿಲ್ಲ.

"ನೀರು?" ಎಂದು ಹುಡುಗಿ ಕೇಳಿದಳು. ಕೊಳವೆ ಬಾವಿ ತೆಗೆಸಬಹುದು; ಅಲ್ಲಿಯವರೆಗೆ ಟ್ಯಾಂಕರು ಬರುತ್ತದೆ ಎಂದು ಉತ್ತರ ಬಂತು.

ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯಿಲ್ಲ. ಊರಿನ ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಹೆಸರಘಟ್ಟದ ನೀರು ಸಾಲದೆ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯ ಕಟ್ಟೆಯಾಯಿತು. ಅದೂ ಸಾಲದೆ 1974ರಲ್ಲಿ ಕಾವೇರಿಯನ್ನು ತಂದರು. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ಮೂರು ಮೆಟ್ಟಿಲಲ್ಲಿ ಯಂತ್ರಗಳಿಂದ ಎತ್ತಿ ತರುವ ನೀರು ಅದು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ 2024ರ ಅಕ್ಟೋಬರಿನಲ್ಲಿ ಐದನೆಯ ಹಂತವನ್ನು ಪ್ರಾರಂಭಿಸಿದರು. ನಗರಕ್ಕೆ ಸೇರಿದ ಹಳ್ಳಿಗಳೇ ಹದಿನೇಳು ವರ್ಷ ಕಾದಿದ್ದುವು. ನಾವು ನಿಂತಿದ್ದ ಹಳ್ಳಿ ಆ ಪಟ್ಟಿಯಲ್ಲೇ ಇರಲಿಲ್ಲ. ಅದೇ 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ, ಟ್ಯಾಂಕರಿನವರು ಬಾಯಿಗೆ ಬಂದ ಬೆಲೆ ಹೇಳತೊಡಗಿ, ಕೊನೆಗೆ ಅಧಿಕಾರಿಗಳೇ 6,000 ಲೀಟರಿಗೆ, ಐದು ಕಿಲೋಮೀಟರಿನೊಳಗಾದರೆ, 600 ರೂಪಾಯಿ ಎಂದು ದರ ಕಟ್ಟಬೇಕಾಯಿತು. ದರವನ್ನು ಕಟ್ಟಬಹುದು, ಟ್ಯಾಂಕರನ್ನು ಮನೆಯ ಮುಂದೆ ಕಟ್ಟಿಹಾಕುವುದು ಯಾರಿಂದಾದೀತು?

ಅಂದು ರಾತ್ರಿ ಎಲ್ಲರೂ ನಮ್ಮಲ್ಲೇ ಊಟಕ್ಕೆ ಕುಳಿತೆವು. ಬೀಗರು ನಿವೇಶನವನ್ನು ಹೊಗಳುತ್ತಿದ್ದರು. ಮೂವತ್ತು ಲಕ್ಷಕ್ಕೆ ಅಷ್ಟು ನೆಲ ಮತ್ತೆಲ್ಲಿ ಸಿಕ್ಕುತ್ತದೆ, ಹುಡುಗರು ನಾಲ್ಕು ದಿನ ಕಷ್ಟಪಟ್ಟರೆ ಆಯಿತು ಎಂದರು. ನನ್ನ ಹೆಂಡತಿ ಬಡಿಸುತ್ತಿದ್ದವಳು ನಿಂತಳು.

"ಹೌದು, ಅಣ್ಣ. ನಾವೂ 1989ರಲ್ಲಿ ಹಾಗೆಯೇ ಕೊಂಡೆವು. ಊರಿನ ಉತ್ತರದ ಅಂಚಿನಲ್ಲಿ. ಇವರು ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಿದರು. ಉಳಿದ ಅರ್ಧವನ್ನು ನಾನು ಕೊಡದಲ್ಲಿ ಹೊತ್ತು ತೀರಿಸಿದೆ. ರಾತ್ರಿ ಎರಡು ಗಂಟೆಗೆ ಬೀದಿಯ ತುದಿಗೆ ನೀರು ಬರುತ್ತಿತ್ತು. ಒಂಬತ್ತು ವರ್ಷ" ಎಂದಳು. ಇಷ್ಟೇ ಹೇಳಿ ಸಾರಿನ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಮೂವತ್ತಾರು ವರ್ಷ ಒಂದೇ ಮನೆಯಲ್ಲಿದ್ದು ಈ ಲೆಕ್ಕವನ್ನು ನಾನು ಕೇಳಿದ್ದು ಅಂದೇ. ನೀರು ರಾತ್ರಿ ಬರುತ್ತಿತ್ತೆಂಬುದು ನನಗೆ ನೆನಪಿತ್ತು. ಯಾರು ಏಳುತ್ತಿದ್ದರೆಂಬುದು ನೆನಪಿರಲಿಲ್ಲ. ನಿವೇಶನ ಮಾರಿದವನು ನೀರು ಇನ್ನೇನು ಬಂತು ಎಂದೇ ಹೇಳಿದ್ದನು. ಅವನನ್ನು ನಾನು ಇಷ್ಟು ವರ್ಷ ಬಯ್ದುಕೊಂಡು ಬಂದಿದ್ದೇನೆ. ಅಂದು ರಾತ್ರಿ ಬಯ್ಯಲು ಬಾಯಿ ಬರಲಿಲ್ಲ.

ಬೀಗರು ಮಾತನಾಡದೆ ಮಜ್ಜಿಗೆಯನ್ನು ಕಲಸಿಕೊಂಡರು.

ಮಾರನೆಯ ದಿನ ಸೋಮವಾರ. ಭಾನುವಾರದಲ್ಲಿ ಬೆಂಗಳೂರಿನ ಎಲ್ಲ ಬಡಾವಣೆಯೂ ಋಷ್ಯಾಶ್ರಮವೇ. ಮನೆ ನೋಡುವವರು ಸೋಮವಾರ ಬೆಳಿಗ್ಗೆ ನೋಡಬೇಕು. ನಾನು ನಸುಕಿನಲ್ಲೇ ಆ ಹಳ್ಳಿಗೆ ಹೋಗಿ, ಏಳೂವರೆಗೆ ಗೂಟದ ಕಲ್ಲಿನಿಂದ ಗಾಂಧಿನಗರಕ್ಕೆ ಹೊರಟೆ. ಹೆದ್ದಾರಿಯವರೆಗೆ ಹಂಚಿಕೊಳ್ಳುವ ಆಟೊ. ಅದು ತುಂಬುವವರೆಗೆ ಕಾಯಬೇಕು. ಹೆದ್ದಾರಿಯಲ್ಲಿ ಬಸ್ಸು, ಅದು ಕೈ ತೋರಿಸಿದಲ್ಲಿ ನಿಲ್ಲಬೇಕು. ಆಮೇಲೆ ಮೆಟ್ರೊ. ಬ್ಯಾಂಕಿನ ಬಾಗಿಲನ್ನು ಮುಟ್ಟುವಾಗ ಒಂಬತ್ತು ಗಂಟೆ ಐದು ನಿಮಿಷ. ಸಂಜೆ ಕೆಂಗೇರಿ ಉಪನಗರದಿಂದ ಅದೇ ಪ್ರಯೋಗ ಮಾಡಿದೆ: ನಡೆಯುವುದೂ ಸೇರಿ ಐವತ್ತೈದು ನಿಮಿಷ. ಒಂದು ಕಡೆಗೆ ನಲವತ್ತು ನಿಮಿಷದ ಅಂತರ, ದಿನಕ್ಕೆ ಎಂಬತ್ತು. ವರ್ಷಕ್ಕೆ 280 ದಿನ ಕೆಲಸವೆಂದು ಇಟ್ಟುಕೊಂಡರೆ 373 ಗಂಟೆ. ಹದಿನೈದು ಹಗಲು, ಹದಿನೈದು ರಾತ್ರಿಗಳಿಗಿಂತ ಹೆಚ್ಚು. ಅಳಿಯನಿಗೆ ಈ ಕಷ್ಟವಿಲ್ಲ. ಕಾರ್ಖಾನೆಯ ಬಸ್ಸು ಅವನನ್ನು ಹೆದ್ದಾರಿಯಲ್ಲಿ ಹತ್ತಿಸಿಕೊಂಡು ಹೆದ್ದಾರಿಯಲ್ಲೇ ಇಳಿಸುತ್ತದೆ. ಅಗ್ಗದ ನಿವೇಶನದ ಬೆಲೆಯನ್ನು ಮತ್ತೊಮ್ಮೆ ಹೆಣ್ಣುಮಗಳೇ ತೆರಬೇಕಾಗಿತ್ತು. ಚೀಟಿಯಲ್ಲಿ ಬರೆದ ಈ ಅಂಕಿಗಳನ್ನು ನಾನು ಬೀಗರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ರೈಲಿನ ಖರ್ಚನ್ನೂ ಹೇಳಬೇಕು. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿ, ಅತಿ ದೂರದ ಪ್ರಯಾಣಕ್ಕೆ 60 ರೂಪಾಯಿ ಇದ್ದದ್ದು 90 ಆಯಿತು. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಾದರೆ 2023ರ ಜೂನಿನಿಂದ ಹೆಂಗಸರು ಹಣ ಕೊಡಬೇಕಾಗಿಲ್ಲ. ಅವಸರವಿರುವ ಬೆಳಿಗ್ಗೆ ರೈಲು, ಅವಸರವಿಲ್ಲದ ಸಂಜೆ ಬಸ್ಸು ಎಂದು ಹುಡುಗಿ ಹಂಚಿಕೊಂಡಿದ್ದಾಳೆ.

ನಾಲ್ಕನೆಯ ಭಾನುವಾರ ಕೆಂಗೇರಿ ಉಪನಗರ. ಹಳೆಯ ಕೆಂಗೇರಿ ಮೈಸೂರಿನ ದಾರಿಯಲ್ಲಿ ತನ್ನದೇ ಪುರಸಭೆಯಿದ್ದ ಊರು; 2007ರಲ್ಲಿ ಬೃಹತ್ ಬೆಂಗಳೂರಿನಲ್ಲಿ ಸೇರಿಹೋಯಿತು. ಅದರ ಮಗ್ಗುಲಿನ ಉಪನಗರವನ್ನು ಅಳತೆ ಹಾಕಿ ಕಟ್ಟಿದ್ದಾರೆ. ನೇರವಾದ ಅಡ್ಡರಸ್ತೆಗಳು, ಅಲ್ಲಲ್ಲಿ ಉದ್ಯಾನ, ಸಂಜೆ ಕಟ್ಟೆಗಳ ಮೇಲೆ ಕುಳಿತ ನಿವೃತ್ತರು. ಸೊಪ್ಪಿನವಳು ಬೀದಿಗೇ ಬರುತ್ತಾಳೆ. ಬೆಡಗೇನೂ ಇಲ್ಲ. ಬಸವನಗುಡಿಯಲ್ಲಿ ಆದಂತೆ ಇಲ್ಲಿಯೂ ಗೆರೆ ಮೊದಲು, ಗೋಡೆ ಆಮೇಲೆ.

ನೋಡಿದ ಮನೆ ಇಪ್ಪತ್ತು ವರ್ಷದ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಒಟ್ಟು ಹನ್ನೆರಡು ಮನೆ, ಲಿಫ್ಟು ಇಲ್ಲ. ಎರಡು ಮಲಗುವ ಕೋಣೆ, ಪೂರ್ವಕ್ಕೆ ತೆರೆದ ಅಡಿಗೆಮನೆ, ಬಚ್ಚಲ ಗೋಡೆಯಲ್ಲಿ ಸ್ವಲ್ಪ ಒರತೆ. ಬೆಲೆ 55 ಲಕ್ಷ. ಕಟ್ಟಡಕ್ಕೆ ಎ ಖಾತೆಯಿತ್ತು, ಸ್ವಾಧೀನಾನುಭವ ಪತ್ರವಿತ್ತು. ಈ ಎರಡನೆಯ ಕಾಗದವನ್ನು ಕೊಳ್ಳುವವರು ಬಿಡದೆ ಕೇಳಬೇಕು. ಅದಿಲ್ಲದ ಕಟ್ಟಡಗಳಿಗೆ ನೀರು ವಿದ್ಯುತ್ತಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಕ್ರಯಪತ್ರದಲ್ಲಿ ಕಟ್ಟಡದ ನೆಲದಲ್ಲಿಯೂ ಇವರಿಗೆ ಒಂದು ಅವಿಭಕ್ತ ಪಾಲು ಬರುತ್ತದೆಂದು ನಾನು ಬೀಗರಿಗೆ ತೋರಿಸಿದೆ. "ಹನ್ನೆರಡು ಜನರ ನಡುವೆ ಒಂದು ಹಿತ್ತಲು" ಎಂದು ಗೊಣಗಿ, ಅವರು ನೆಟ್ಟಗೆ ಅಡಿಗೆಮನೆಗೆ ಹೋಗಿ ನಲ್ಲಿಯನ್ನು ತಿರುಗಿಸಿದರು. ಬೊಗಸೆಯಲ್ಲಿ ಹಿಡಿದು ಕುಡಿದರು. ಆಮೇಲೆ ಕೆಳಗಿಳಿದು, ನಮ್ಮನ್ನು ಕೇಳದೆ, ಮೊದಲನೆಯ ಮಹಡಿಯ ಗೃಹಿಣಿಯೊಬ್ಬರ ಬಾಗಿಲು ತಟ್ಟಿ, ಬೇಸಗೆಯಲ್ಲಿ ಇಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂದು ವಿಚಾರಿಸಿಕೊಂಡು ಬಂದರು. ದಿನ ಬಿಟ್ಟು ದಿನ, ಹಗಲು ಹೊತ್ತಿನಲ್ಲಿ.

ಒಂದು ದೋಷವನ್ನು ಮುಚ್ಚಿಡುವಂತಿಲ್ಲ. ನಾವು ಹೊರಡುವ ಹೊತ್ತಿಗೆ ಗಾಳಿ ತಿರುಗಿತು. ವೃಷಭಾವತಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ತಡೆಯಲಾರದ ದುರ್ನಾತವಲ್ಲ, ಆದರೆ ಸಂದೇಹಕ್ಕೆ ಎಡೆಯಿರಲಿಲ್ಲ. ಮನೆ ಮಾರುವವರು ತಲೆ ತಗ್ಗಿಸಿ, "ಮಳೆಗಾಲದಲ್ಲಿ ಕಡಿಮೆ, ಮೋಡ ಕವಿದ ಸಂಜೆಗಳಲ್ಲಿ ಸ್ವಲ್ಪ ಇರುತ್ತದೆ" ಎಂದರು. ಪ್ರಾಮಾಣಿಕರು. ಗಂಡ ಹೆಂಡಿರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮತ್ತೆ ಮೂರು ಸಂಜೆ ಅವರಿಬ್ಬರೇ ಕೆಲಸದಿಂದ ನೇರವಾಗಿ ಅಲ್ಲಿಗೆ ಹೋಗಿ, ಉದ್ಯಾನದಲ್ಲಿ ಕುಳಿತು, ಗಾಳಿಯನ್ನು ಪರೀಕ್ಷಿಸಿ ಬಂದರು. ಮೂರರಲ್ಲಿ ಒಂದು ಸಂಜೆ ವಾಸನೆಯಿತ್ತಂತೆ. "ತಿಂಗಳಿಗೆ ಹತ್ತು ಸಂಜೆ ಕಿಟಕಿ ಹಾಕಿಕೊಳ್ಳುತ್ತೇವೆ, ಚಿಕ್ಕಪ್ಪ. ಇಪ್ಪತ್ತು ಸಂಜೆ ತೆಗೆಯುತ್ತೇವೆ" ಎಂದಳು ಹುಡುಗಿ.

ತೋಟ ಮಾರಲಿಲ್ಲ. ಕೊಬ್ಬರಿಯ ಹಣದಲ್ಲಿ ಬೀಗರು ಮೂರು ಲಕ್ಷ ಕೊಟ್ಟರು. ನಮ್ಮಣ್ಣ ಎರಡು ಲಕ್ಷ ಸೇರಿಸಿದನು. ಉಳಿದ ಸ್ವಲ್ಪಕ್ಕೆ ಹನುಮಂತನಗರದ ಮುಂಗಡ ಹಿಂದಿರುಗಿ ಬಂದದ್ದು ಸರಿಹೋಯಿತು. ಬ್ಯಾಂಕಿನ ವಕೀಲರು ಹಳೆಯ ಕ್ರಯಪತ್ರಗಳನ್ನು ತಿರುವಿ ನೋಡುವುದಕ್ಕೆ ಒಂದು ತಿಂಗಳು ಹಿಡಿಯಿತು. ಒಂದು ಶುಕ್ರವಾರ ಬೆಳಿಗ್ಗೆ ಹಾಲುಕ್ಕಿಸಿದರು.

ಅಂದು ಬೀಗರು ತುರುವೇಕೆರೆಯಿಂದ ಎರಡು ಮೂಟೆ ಎಳನೀರು, ಒಂದು ಮೂಟೆ ತೆಂಗಿನಕಾಯಿ ತಂದಿದ್ದರು. ಲಿಫ್ಟಿಲ್ಲದ ಎರಡು ಮಹಡಿಯನ್ನು ಮೂಟೆಗಳೊಡನೆ ಹತ್ತಿ ಅಳಿಯನ ಉಸಿರು ಕಟ್ಟಿತು. ಹಾಲು ಉಕ್ಕಿ ಮೂಡಲ ಕಡೆಗೆ ಚೆಲ್ಲಿತು. ಎಲ್ಲರೂ ಸಂತೋಷಪಡುತ್ತಿರುವಾಗ ಗಾಳಿ ತಿರುಗಿತು. ನನ್ನ ಹೆಂಡತಿ ಯಾರಿಗೂ ಹೇಳದೆ ಎದ್ದು ಹೋಗಿ ಕಿಟಕಿಯನ್ನು ಹಾಕಿದಳು. ಬರುವಾಗ ಅಡಿಗೆಮನೆಯ ನಲ್ಲಿಯನ್ನು ಒಮ್ಮೆ ತಿರುಗಿಸಿ, ನೀರು ಬೀಳುವುದನ್ನು ನೋಡಿ, ಮತ್ತೆ ನಿಲ್ಲಿಸಿದಳು.